ಅಪ್ಪನ ಕೈಯಲ್ಲಿಟ್ಟ ಭಂಡಾರವನ್ನು ವಾಪಸ್ ತೆಗೆದುಕೊಳ್ಳಿ

ಗೆ,
ಜಿಲ್ಲಾ ಸಮನ್ವಯಾಧಿಕಾರಿಗಳು,
ಹಸಿರು ತಾಟು ಅಭಿಯಾನ,
ವಿಜಾಪುರ ರಸ್ತೆ, ಸೋಲಾಪುರ.

ಭೂಮಿಯ ಜ್ವರ ಇಳಿಸಲು ನೇಮಕಗೊಂಡಿರುವ ಮಾನ್ಯರೇ,

ನಮ್ಮ ಅಪ್ಪ ಧರೆಪ್ಪನ ಬಲಗೈಯಲ್ಲಿ ತಾವು ಇಟ್ಟುಹೋದ ಒಂದು ಚಿಟಿಕೆ ಭಂಡಾರವನ್ನು ತಾವೇ ಖುದ್ದಾಗಿ ಬಂದು ವಾಪಸ್ ತೆಗೆದುಕೊಳ್ಳಬೇಕು. ಈ ಪತ್ರದ ಸಾರಾಂಶ ಇಷ್ಟೇ. ಕೆಲಸದ ಒತ್ತಡವಿದ್ದರೆ ಇಲ್ಲಿಗೇ ಓದು ನಿಲ್ಲಿಸಿ ಕಾರು ಹತ್ತಬಹುದು. ನಾಗಣಸೂರಿನ ದಾರಿ ತಮಗೆ ಗೊತ್ತೇ ಇದೆ. ಮೊದಲು ಮರಾಠಿಯಲ್ಲಿ ಅರ್ಜಿ ಕೊಟ್ಟೆವು, ಉತ್ತರ ಬರಲಿಲ್ಲ. ಆದ್ದರಿಂದ ಈಗ ಕನ್ನಡದಲ್ಲಿ, ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ನಮ್ಮೂರ ಸಭೆಯಲ್ಲಿ ತಾವು ಮೈಕು ಹಿಡಿದು "ಎಲ್ಲರಿಗೂ ನಮಸ್ಕಾರ, ಊಟ ಆಯ್ತಾ?" ಎಂದು ಕನ್ನಡದಲ್ಲೇ ಕೇಳಿ ಚಪ್ಪಾಳೆ ಗಿಟ್ಟಿಸಿದ್ದಿರಿ. ಊಟ ಆಯ್ತಾ ಎಂದು ಪ್ರೀತಿಯಿಂದ ಕೇಳಿ, ಊಟದಲ್ಲಿ ಏನಿರಬಾರದೆಂದು ಆಮೇಲೆ ಬಹಳ ಹೊತ್ತು ಹೇಳಿದ ಅಧಿಕಾರಿಯನ್ನು ನಮ್ಮೂರು ಅದೇ ಮೊದಲು ಕಂಡದ್ದು. ಉಳಿದ ಕನ್ನಡವನ್ನು ಕಚೇರಿಯಲ್ಲಿ ಯಾರಿಂದಾದರೂ ಓದಿಸಿಕೊಳ್ಳಿ. ಸೋಲಾಪುರದ ಯಾವ ಕಚೇರಿಯಲ್ಲಿ ಹುಡುಕಿದರೂ ಅಕ್ಕಲಕೋಟ ಕಡೆಯ ಒಬ್ಬ ಸಿಪಾಯಿ ಸಿಕ್ಕೇ ಸಿಗುತ್ತಾನೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಧರೆಪ್ಪನ ಮಗ ಸೋಮೇಶ. ಸೋಲಾಪುರದಲ್ಲಿ ಕಾಲೇಜು ಓದುತ್ತೇನೆ. ಪರಿಸರ ಅಧ್ಯಯನ ಎಂಬ ವಿಷಯದಲ್ಲಿ ಉತ್ತಮ ದರ್ಜೆಯಲ್ಲಿ ಪಾಸಾಗಿದ್ದೇನೆ. ಆ ವಿಷಯದಲ್ಲಿ ನಪಾಸಾದವನನ್ನು ನಾನು ಇನ್ನೂ ನೋಡಿಲ್ಲ, ಅದು ಬೇರೆ ಮಾತು. ಮನೆತನದ ಕಸುಬು ಕುರಿ. ಮರಾಠಿಯವರು ಧನಗರ ಅನ್ನುತ್ತಾರೆ, ನಾವು ಕುರುಬರು ಅನ್ನುತ್ತೇವೆ, ಕುರಿಗಳು ಏನೂ ಅನ್ನುವುದಿಲ್ಲ, ಸುಮ್ಮನೆ ಹಿಂದೆ ಬರುತ್ತವೆ. ಮನೆದೇವರು ಬೀರೋಬಾ. ಭಂಡಾರ ಎಂದರೆ ಆ ದೇವರ ಅರಿಶಿನ ಪುಡಿ. ತಮ್ಮ ಕಚೇರಿಯ ಭಾಷೆಯಲ್ಲಿ ಅದರ ಹೆಸರು "ಪರಿಸರಸ್ನೇಹಿ ನೈಸರ್ಗಿಕ ಬಣ್ಣ". ನಮ್ಮ ಮನೆಯ ಕಷ್ಟವೆಲ್ಲ ಈ ಎರಡು ಹೆಸರುಗಳ ನಡುವೆ ಸಿಕ್ಕಿಕೊಂಡಿದೆ.

ಆ ದಿನ ತಾವು ಬಹಳ ಚೆನ್ನಾಗಿ ಮಾತಾಡಿದಿರಿ, ಇದರಲ್ಲಿ ವ್ಯಂಗ್ಯವಿಲ್ಲ. ಶಾಲೆಯ ಗೋಡೆಯ ಮೇಲೆ ಚಿತ್ರ ಬಿಟ್ಟಿರಿ. ಬಾಯಲ್ಲಿ ಥರ್ಮಾಮೀಟರು ಇಟ್ಟುಕೊಂಡ ಭೂಮಿ, ಸುಟ್ಟು ಬಿದ್ದ ಕಾಡು, ಯಾವುದೋ ದೇಶದ ಉದ್ದನೆಯ ಶೆಡ್ಡಿನಲ್ಲಿ ಕತ್ತು ಹೊರಳಿಸಲೂ ಜಾಗವಿಲ್ಲದೆ ನಿಂತ ಸಾವಿರಾರು ದನ. ನಮ್ಮವ್ವ ತುಳಜಾಬಾಯಿ ಆ ದನಗಳನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯ, ಇವನ್ನ ಹೊರಗ ಬಿಡೂದ ಇಲ್ಲೇನು? ಇವಕ್ಕ ಯಾರೂ ಹೇಳವ್ರು ಕೇಳವ್ರು ಇಲ್ಲೇನವಾ?" ಅಂದಳು. ತಾವು ಅದನ್ನು ಅಭಿಯಾನದ ಯಶಸ್ಸೆಂದು ಬರೆದುಕೊಂಡಿರಬಹುದು. ಅವಳು ಬೈದದ್ದು ಆ ದನಗಳ ಮಾಲೀಕನಿಗೆ, ತಿನ್ನುವವನಿಗಲ್ಲ.

ಆಮೇಲೆ ಪ್ರತಿಜ್ಞೆಯ ಹೊತ್ತು ಬಂತು. ಹಳದಿ ಅಂಗೈಗಳನ್ನು ಮೇಲೆತ್ತಿದ ಫೋಟೋ ಚೆನ್ನಾಗಿ ಬರುತ್ತದೆಂದು ತಮ್ಮ ತಂಡದವರಿಗೆ ಯಾರೋ ಹೇಳಿರಬೇಕು. ಅರಿಶಿನ ಬೇಕೆಂದಿರಿ. ಕಿರಾಣಿ ಅಂಗಡಿ ಮುಚ್ಚಿತ್ತು, ಬೀರೋಬಾನ ಗುಡಿ ತೆರೆದಿತ್ತು. ತಮ್ಮ ಸಹಾಯಕರು ಹೋಗಿ ಗುಡಿಯ ಬಟ್ಟಲನ್ನೇ ಎತ್ತಿಕೊಂಡು ಬಂದರು. ತಾವು ಸಾಲಿನ ಉದ್ದಕ್ಕೂ ನಡೆದು, ಒಬ್ಬೊಬ್ಬರ ಅಂಗೈಯಲ್ಲೂ ತಮ್ಮ ಸ್ವಂತ ಕೈಯಿಂದ ಚಿಟಿಕೆ ಚಿಟಿಕೆ ಇಡುತ್ತ, ಮೈಕಿನಲ್ಲಿ ಮರಾಠಿಯಲ್ಲಿ ಹೇಳಿಕೊಟ್ಟಿರಿ: "ಮಾಂಸ ಖಾಣಾರ ನಾಹಿ, ಖಾಯಲಾ ದೇಣಾರ ನಾಹಿ." ಮಾಂಸ ತಿನ್ನುವುದಿಲ್ಲ, ತಿನ್ನಲು ಕೊಡುವುದಿಲ್ಲ. ಊರಿಗೆ ಊರೇ ಹಿಂದಿನಿಂದ ಹೇಳಿತು. ಫೋಟೋ ತೆಗೆದರು. ಬಾಳೆಹಣ್ಣು ಹಂಚಿದರು. ತಮ್ಮ ಕಾರು ಹೋಯಿತು.

ಊರಿಗೆ ಊರೇ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಹೊಲಮನೆ ಉಳ್ಳ ನಮ್ಮ ಗೌಡಕಿಯವರು. ಅವರ ಮನೆಯಲ್ಲಿ ಮುತ್ತಜ್ಜನ ಕಾಲದಿಂದಲೂ ಮಾಂಸದ ವಾಸನೆ ಇಲ್ಲ. ಆ ಪ್ರತಿಜ್ಞೆಯಿಂದ ಅವರ ತಾಟಿನ ಒಂದು ಮೆಣಸಿನಕಾಯಿಯೂ ಕದಲುವುದಿಲ್ಲ. ತಿನ್ನುವ ಪೈಕಿಯವರಿಗೆ ಅವರವರದೇ ಉಪಾಯ ಇತ್ತು. ಪಕ್ಕದ ಮನೆಯ ಸಿದ್ದಣ್ಣ ಕಾಕಾನನ್ನು ಕೇಳಿದರೆ, "ನಾ ತುಟಿ ಅಷ್ಟ ಅಳ್ಳಾಡಿಸೀನೋ. ಒಳಗ ಮಗ್ಗಿ ಅನ್ನಾಕತ್ತಿದ್ದೆ. ಬೇ ಏಕೆ ಬೇ, ಬೇ ದುಣೆ ಚಾರ" ಎಂದು ಕಣ್ಣು ಮಿಟುಕಿಸಿದ. ಇನ್ನೊಬ್ಬರು ಭಂಡಾರ ಕೈಗೆ ಬೀಳುವ ಮೊದಲೇ ಬೆರಳು ಅಗಲಿಸಿ ನೆಲಕ್ಕೆ ಉದುರಿಸಿದ್ದರು. ನಾನು ಫೋಟೋದ ಹಿಂದಿನ ಸಾಲಿನಲ್ಲಿ ಹಲ್ಲು ಕಿಸಿಯುತ್ತಿದ್ದೆ. ಭಂಡಾರವನ್ನು ಮುಷ್ಟಿಯಲ್ಲಿ ಮುಚ್ಚಿ, ಕಣ್ಣು ಮುಚ್ಚಿ, ತಾವು ಹೇಳಿಕೊಟ್ಟ ಒಂದೊಂದು ಶಬ್ದವನ್ನೂ ಬಾಯಿಬಿಟ್ಟು ಹೇಳಿದ ಕುರಿಗಾರ ಇಡೀ ಊರಲ್ಲಿ ಒಬ್ಬನೇ. ಅವನು ನಮ್ಮಪ್ಪ. ತಮ್ಮ ಅಭಿಯಾನ ಯಶಸ್ವಿಯಾಯಿತು, ಅಭಿನಂದನೆಗಳು. ಒಬ್ಬ ಮನುಷ್ಯ ನಂಬಿದ.

ಮನೆಗೆ ಬಂದವನು ಕೈ ತೊಳೆಯಲಿಲ್ಲ. ಭಂಡಾರವನ್ನು ಧೋತರದ ಚುಂಗಿಗೆ ಸುರಿದು ಗಂಟು ಕಟ್ಟಿದ. ಅವ್ವ ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. ನಮ್ಮವ್ವ ಅಪ್ಪನೊಂದಿಗೆ ನೇರ ಜಗಳ ಆಡುವುದಿಲ್ಲ, ಎಲ್ಲವೂ ನನ್ನ ಮೂಲಕ.

"ಕೇಳ ನಿಮ್ಮಪ್ಪನ್ನ. ಖರೇನ ಅಂದಾರೋ ಏನ್ ಎಲ್ಲಾರೂ ಅಂದ್ರಂತ ಅಂದಾರೋ?"

"ಭಂಡಾರ ಕೈಯಾಗಿತ್ತು," ಅಂದ ಅಪ್ಪ.

"ಇದ್ರ ಏನಾತು? ಸಾಹೇಬ್ರು ಬಣ್ಣಕ್ಕಂತ ತಂದಿದ್ರು."

"ಅವ್ರು ಬಣ್ಣಕ್ಕಂತ ತಂದ್ರ ಅದು ಬಣ್ಣ ಆಗ್ತೈತೇನು? ಬೀರೋಬಾಗ ಯಾರರ ಹೇಳಿದ್ರೇನು, ಇವತ್ತ ನೀ ಬಣ್ಣ ಅಂತ?"

ಅವ್ವ ಎದ್ದು ಒಲೆಯ ಕಡೆ ಹೋದಳು. ನಾನು ಉತ್ತಮ ದರ್ಜೆಯಲ್ಲಿ ಪಾಸಾದ ಪರಿಸರ ಅಧ್ಯಯನದ ಪುಸ್ತಕದಲ್ಲೂ ಇದಕ್ಕೆ ಉತ್ತರ ಇಲ್ಲ. ತಮ್ಮ ಹತ್ತಿರ ಇದೆಯೇ?

ಮೊದಲ ವಾರ ಇದನ್ನು ನಾನೂ ತಮಾಷೆ ಎಂದೇ ಎಣಿಸಿದ್ದೆ. ಕಾಳಾ ಮಸಾಲೆಯ ಮಟನ್ ರಸ್ಸಾದ ಎದುರು ಎಂದೂ ಸೋಲದ ಮನುಷ್ಯ ಎಷ್ಟು ದಿನ ತಡೆದಾನು? ಸಿದ್ದಣ್ಣ ಕಾಕಾನ ಮನೆಗೆ ಅಳಿಯ ಬಂದ ದಿನ ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಅಪ್ಪ ಜೋಳದ ಕಡಕ ಭಾಕರಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು, ಮುಖವನ್ನು ಗಾಳಿಯ ವಿರುದ್ಧ ದಿಕ್ಕಿಗೆ ತಿರುಗಿಸಿ ಕೂತು ಉಂಡ. ತಿನ್ನದಿರುವುದು ದೊಡ್ಡದಲ್ಲ ಮಾನ್ಯರೇ. ಕುರಿ ಸಾಕುವವರ ಮನೆಯಲ್ಲಿ ಮಟನ್ ಬೇಯುವುದು ದೇವರು ಬಂದಾಗ, ಇಲ್ಲವೇ ಬೀಗರು ಬಂದಾಗ. ವಿಜಾಪುರ ರಸ್ತೆಯ ಹೋಟೆಲುಗಳಲ್ಲಿ "ಅನ್‌ಲಿಮಿಟೆಡ್ ಮಟನ್ ಥಾಳಿ" ಎಂಬ ಬೋರ್ಡಿನ ಕೆಳಗೆ ಒಂದೇ ಸಂಜೆ ಬೇಯುವಷ್ಟು ನಮ್ಮ ಓಣಿಯಲ್ಲಿ ವರ್ಷವಿಡೀ ಬೇಯುವುದಿಲ್ಲ. ಆ ಬೋರ್ಡು ತಮ್ಮ ಕಚೇರಿಯ ಕಿಟಕಿಯಿಂದ ಕಾಣುತ್ತದೆ. ಅಲ್ಲಿಗೆ ಬಟ್ಟಲು ಹಿಡಿದು ಯಾಕೆ ಹೋಗಲಿಲ್ಲ ಎಂದು ಕೇಳುವುದಿಲ್ಲ. ಅಲ್ಲಿ ಭಂಡಾರ ಹಿಡಿಯುವ ಕೈಗಳಿಲ್ಲ, ಸಾಲಾಗಿ ನಿಲ್ಲುವ ಅಭ್ಯಾಸವೂ ಇಲ್ಲ.

ದೊಡ್ಡದು ಪ್ರತಿಜ್ಞೆಯ ಎರಡನೇ ಅರ್ಧ. ತಿನ್ನಲು ಕೊಡುವುದಿಲ್ಲ. ಕುರಿ ಕೊಳ್ಳುವ ವ್ಯಾಪಾರಿ ಎಂದಿನಂತೆ ಟೆಂಪೋ ತಂದು ಹಟ್ಟಿಯ ಮುಂದೆ ನಿಲ್ಲಿಸಿದ. ಬೆಳೆಯುತ್ತಿದ್ದ ಟಗರುಗಳ ಬೆನ್ನು ಒತ್ತಿ ನೋಡತೊಡಗಿದ. ಅಪ್ಪ ಬಂದು ಅವನ ಕೈ ಹಿಡಿದ.

"ಕೊಡೂದಿಲ್ಲಪಾ."

"ಯಾಕ, ಬ್ಯಾರೆ ಯಾರರ ಬಂದಿದ್ರೇನು?"

"ಯಾರಿಗೂ ಕೊಡೂದಿಲ್ಲ. ಭಂಡಾರ ಎತ್ತೀನಿ."

ವ್ಯಾಪಾರಿ ನನ್ನ ಕಡೆ ನೋಡಿದ, ಕುರಿಗಳ ಕಡೆ ನೋಡಿದ. "ಅಲ್ಲೋ ಧರೆಪ್ಪಾ, ಸನ್ಯಾಸ ತಗೋಳಾಂವ ನೀ, ಸಿಟ್ಟ ನನ್ನ ಟೆಂಪೋದ ಮ್ಯಾಲ್ಯಾಕ?" ಅಂದ. ಆದರೆ ಭಂಡಾರದ ಮಾತು ಕಿವಿಗೆ ಬಿದ್ದ ಮೇಲೆ ಅವನು ಒತ್ತಾಯ ಮಾಡಲಿಲ್ಲ. ಟೆಂಪೋ ತಿರುಗಿಸಿಕೊಂಡು ಹೋದ. ಮತ್ತೆ ಬಂದಿಲ್ಲ.

ಕುರಿಗಾರನ ಜೀವನ ಹೆಣ್ಣು ಕುರಿಯನ್ನು ಉಳಿಸಿಕೊಂಡು ಗಂಡು ಮರಿಯನ್ನು ಮಾರುವುದರ ಮೇಲೆ ನಿಂತಿದೆ. ಮಾರದಿದ್ದರೆ ಟಗರು ಬೆಳೆಯುತ್ತದೆ, ತಿನ್ನುತ್ತದೆ, ಹಾಯುತ್ತದೆ, ಬಸಿರಿ ಕುರಿಗಳನ್ನು ಮೇವಿನಿಂದ ದೂಡುತ್ತದೆ. ಇದಕ್ಕೆ ಲೆಕ್ಕದ ಪುಸ್ತಕ ಬೇಡ, ಹಟ್ಟಿಯ ಬಾಗಿಲಲ್ಲಿ ಅರ್ಧ ತಾಸು ನಿಂತರೆ ಸಾಕು. "ಹಾಗಿದ್ದರೆ ಆ ಆಣೆ ಮುರಿಯಲಿ, ಯಾರು ಬೇಡ ಅಂದರು?" ಎಂದು ತಾವು ಕೇಳಬಹುದು. ವಾಸ್ತವವಾಗಿ ತಾವು ಅದನ್ನೇ ಕೇಳಿದಿರಿ. ಆ ವಿಷಯಕ್ಕೆ ಬರುತ್ತೇನೆ. ಮೊದಲು ಭಂಡಾರ ನಮ್ಮಲ್ಲಿ ಏನು ಕೆಲಸ ಮಾಡುತ್ತದೆ ಎಂಬುದನ್ನು ಕೇಳಿ.

ನಮ್ಮ ಕುರಿ ವರ್ಷದ ಅರ್ಧ ಭಾಗ ತಿರುಗಾಡುತ್ತದೆ. ಮಂಗಳವೇಢೆ ಕಡೆ, ಭೀಮೆಯ ದಂಡೆಯ ಕಡೆ, ಗಡಿ ದಾಟಿ ಕರ್ನಾಟಕದ ಇಂಡಿ ತಾಲೂಕಿನ ಕಡೆ. ನಾಲ್ಕಾರು ಹಿಂಡುಗಳು ಒಂದೇ ಹಳ್ಳದಲ್ಲಿ ನೀರು ಕುಡಿಯುತ್ತವೆ, ಮರಿಗಳು ಕಲೆಯುತ್ತವೆ. ಈ ಕುರಿ ಯಾರದು ಎಂದು ಜಗಳ ಬಿದ್ದಾಗ ಪೊಲೀಸರಿಲ್ಲ, ಪಾವತಿ ಇಲ್ಲ, ಕಿವಿಗೆ ಹಾಕಿದ ಬಿಲ್ಲೆ ಇಲ್ಲ. ಒಬ್ಬ ಭಂಡಾರ ಎತ್ತಿ "ಇದು ನನ್ನದು" ಅಂದರೆ ಮುಗಿಯಿತು. ಎದುರಿನವನು ಮಾತಿಲ್ಲದೆ ಕುರಿ ಬಿಟ್ಟುಕೊಡುತ್ತಾನೆ. ಯಾಕೆ? ಸುಳ್ಳು ಎತ್ತಿದವನು ಇಲ್ಲ ಎಂಬ ನಂಬಿಕೆಯಿಂದ. ಅಪ್ಪ ನನಗೆ ಹೇಳಿದ್ದು ಹೀಗೆ: "ತಮ್ಮಾ, ನಾ ಒಂದ ಸಲ ಭಂಡಾರ ಮುರದ್ರ ದೇವರು ಏನ್ ಮಾಡ್ತಾನೋ ನನಗ ಗೊತ್ತಿಲ್ಲ. ಮಾಡ್ದಿದ್ರೂ ಮಾಡ್ಲಿಕ್ಕಿಲ್ಲ. ಆದ್ರ ನಾಳಿ ಹಳ್ಳದಾಗ ನನ್ನ ಕುರಿ ಮತ್ತೊಬ್ಬನ ಹಿಂಡಿನ್ಯಾಗ ಹೋತಂದ್ರ, ನಾ ಯಾವ ಮುಖಾ ಇಟ್ಕೊಂಡು ಭಂಡಾರ ಎತ್ತಲಿ? ಯಾರು ಬಿಡ್ತಾರ?" ಮಾನ್ಯರೇ, ತಾವು ಫೋಟೋಕ್ಕಾಗಿ ಎತ್ತಿಕೊಂಡು ಬಂದದ್ದು ನಮ್ಮ ನ್ಯಾಯಾಲಯವನ್ನು. ಸೋಲಾಪುರದ ಕೋರ್ಟಿನಿಂದ ಸಹಾಯಕರನ್ನು ಕಳಿಸಿ ನ್ಯಾಯಾಧೀಶರ ಕುರ್ಚಿಯನ್ನು ಫೋಟೋ ಚೆಂದ ಬರಲೆಂದು ಯಾರಾದರೂ ತರಿಸಿಕೊಳ್ಳುತ್ತಾರೆಯೇ? ಬಹುಶಃ ಅದಕ್ಕೆ ಮೊದಲು ಒಂದು ಅನುಮತಿ ಪತ್ರವನ್ನಾದರೂ ಬರೆಯುತ್ತಾರೆ.

ಇನ್ನು ಭೂಮಿಯ ವಿಷಯ. ನಾನು ತಮ್ಮ ವಿರೋಧಿ ಪಕ್ಷದವನೆಂದು ತಿಳಿಯಬೇಡಿ. ಸೋಲಾಪುರದ ಬೇಸಿಗೆಯಲ್ಲಿ ಬೆಳೆದವನಿಗೆ ಭೂಮಿ ಕಾಯುತ್ತಿದೆ ಎಂದು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಬೇಕಾಗಿಲ್ಲ. ಕುರಿ ತೇಗುತ್ತದೆ, ಅದರ ತೇಗಿನಲ್ಲಿ ಕೆಟ್ಟ ಅನಿಲ ಇದೆ ಎಂಬುದನ್ನೂ ಒಪ್ಪುತ್ತೇನೆ. ಹಟ್ಟಿಯಲ್ಲಿ ಮಲಗಿದವನಿಗೆ ಆ ಅನಿಲದ ಖುದ್ದು ಪರಿಚಯ ಇರುತ್ತದೆ. ಎಲ್ಲೋ ದನದ ಮೇವಿಗಾಗಿ ಕಾಡು ಕಡಿಯುತ್ತಾರೆ, ಅದೂ ಖರೆ. ನಮ್ಮ ಕಾಲೇಜಿನ ವಾಟ್ಸಾಪಿನಲ್ಲಿ ಈ ಯುದ್ಧ ದಿನವೂ ನಡೆಯುತ್ತದೆ. ಒಂದು ಪಂಗಡ ಉರಿಯುವ ಕಾಡಿನ ಫೋಟೋ ಹಾಕುತ್ತದೆ, ಇನ್ನೊಂದು ಪಂಗಡ ಅದರ ಕೆಳಗೆ ಮಟನ್ ತಾಟಿನ ಫೋಟೋ ಹಾಕಿ "ಬನ್ನಿ ಊಟಕ್ಕೆ" ಅನ್ನುತ್ತದೆ. ನಾಲ್ಕನೇ ಮಾತಿಗೆ ಜಾತಿ ಬರುತ್ತದೆ, ಐದನೆಯದಕ್ಕೆ ಅಪ್ಪ ಅವ್ವ ಬರುತ್ತಾರೆ, ಆಮೇಲೆ ಅಡ್ಮಿನ್ ಗ್ರೂಪ್ ಮುಚ್ಚುತ್ತಾನೆ. ಭೂಮಿಯ ಬಗ್ಗೆ ಎರಡನೇ ಮಾತಿನ ನಂತರ ಯಾರೂ ಮಾತಾಡುವುದಿಲ್ಲ.

ನಾನು ಕೇಳುವುದು ಇಷ್ಟು: ಆ ಗೋಡೆಯ ಮೇಲಿನ ಶೆಡ್ಡಿನ ದನ ಮತ್ತು ನಮ್ಮಪ್ಪನ ಕುರಿ ಒಂದೇ ತಕ್ಕಡಿಯಲ್ಲಿ ಹೇಗೆ ಕೂತವು? ನಮ್ಮ ಕುರಿಗೆಂದು ಯಾರೂ ಒಂದು ಗುಂಟೆ ಮೇವು ಬಿತ್ತಿಲ್ಲ. ಅವು ರಾಶಿ ಆದ ಹೊಲದ ಕೂಳೆ ತಿನ್ನುತ್ತವೆ, ಬದುವಿನ ಕಸ ತಿನ್ನುತ್ತವೆ, ಜಾಲಿಯ ಕಾಯಿ ತಿನ್ನುತ್ತವೆ. ಜಾಲಿಯ ಕಾಯನ್ನು ತಾವೂ ತಿನ್ನುವುದಿಲ್ಲ, ತಮ್ಮ ಅಭಿಯಾನವೂ ತಿನ್ನುವುದಿಲ್ಲ. ಟ್ಯಾಂಕರ್ ನೀರಿಲ್ಲ, ಕರೆಂಟಿಲ್ಲ, ಡೀಸೆಲ್ ಇಲ್ಲ. ತಮ್ಮ ಸಭೆಗೆ ಬಂದ ಕಾರುಗಳು, ಜನರೇಟರು, ಪ್ಲಾಸ್ಟಿಕ್ ಬಾಟಲಿಯ ನೀರು, ಊರಗಲದ ಫ್ಲೆಕ್ಸು, ಇವೆಲ್ಲ ಒಂದು ಕಡೆ. ನಮ್ಮ ಹಿಂಡಿನ ತೇಗು ಇನ್ನೊಂದು ಕಡೆ. ಯಾವುದು ಭಾರ ಎಂದು ನನಗೆ ಗೊತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ. ತಮಗೆ ಗೊತ್ತಿದ್ದರೆ ಹೇಳಬೇಕು. ಗೊತ್ತಿಲ್ಲದಿದ್ದರೆ ಗೊತ್ತಿದ್ದವರ ಹಾಗೆ ಬಟ್ಟಲು ಹಿಡಿಯಬಾರದು.

ಈ ವಿಷಯದಲ್ಲಿ ನನಗಿಂತ ಹೆಚ್ಚು ಗಾಬರಿಯಾದವನು ಶಿವಶರಣ ಕಾಕಾ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮೊಟ್ಟೆ ಹಾಕಿದ ಕೇಕಿನ ಅಂಗಡಿಯ ಮುಂದೆಯೂ ಹಾಯದ ಮನುಷ್ಯ. ತಮ್ಮ ಪ್ರತಿಜ್ಞೆಯನ್ನು ಮೊದಲ ಸಾಲಿನಲ್ಲಿ ನಿಂತು ಕೂಗಿದವನು. ಬೇಸಿಗೆಯಲ್ಲಿ ನಮ್ಮ ಹಿಂಡು ಅವನ ಹೊಲದಲ್ಲಿ ಬಲೆ ಹಾಕಿಕೊಂಡು ರಾತ್ರಿ ತಂಗುತ್ತದೆ. ಬೆಳಿಗ್ಗೆ ನೆಲ ತುಂಬ ಹಿಕ್ಕಿ ಬಿದ್ದಿರುತ್ತದೆ, ಮುಂದಿನ ಜೋಳಕ್ಕೆ ಅದೇ ಗೊಬ್ಬರ. ಮಾರಾಟವಿಲ್ಲದೆ ಹಿಂಡು ಸಾಕಲಾಗದೆ ಅಪ್ಪ ಕುರಿಯನ್ನೇ ಬಿಡುತ್ತಾನಂತೆ ಎಂಬ ಸುದ್ದಿ ಹಬ್ಬಿದ ಸಂಜೆ ಅವನು ಚಪ್ಪಲಿ ಕೂಡ ಬಿಡದೆ ನಮ್ಮ ಅಂಗಳಕ್ಕೆ ಬಂದ.

"ಧರೆಪ್ಪಣ್ಣಾ, ಇದೇನ ಹಚ್ಚೀಯೋ ಮಾರಾಯಾ? ನೀ ಕುರಿ ಬಿಟ್ರ ನನ್ನ ಹೊಲಾ ಏನ್ ಮಾಡ್ಬೇಕು?"

"ನೀನೂ ಅಂದೆಲ್ಲೋ, ಮಾಂಸ ಬ್ಯಾಡಂತ. ಎಲ್ಲಾರಕಿಂತ ಜೋರ ನಿಂದ ಇತ್ತು ದನಿ."

"ನಾ ಮಾಂಸ ಬ್ಯಾಡ ಅಂದೆ, ಕುರಿ ಬ್ಯಾಡ ಅಂದೆನೇನು?"

ಅಪ್ಪ ಅವನಿಗೆ ಕಟ್ಟೆಯ ಮೇಲೆ ಜಾಗ ತೋರಿಸಿದ. "ಶಿವಶರಣಾ, ಟಗರು ಹೋಗೂದ್ರಿಂದನ ಕುರಿ ಉಳೀತಾವು. ನಿನ್ನ ಭಾಕರಿ ನನ್ನ ಹಿಕ್ಕಿ ಮ್ಯಾಲ ಬೆಳದೈತಿ. ನನ್ನ ಹಿಕ್ಕಿ ಖಾಟಿಕನ ಕತ್ತಿ ಮ್ಯಾಲ ನಿಂತೈತಿ. ಇಷ್ಟ ವರ್ಷ ನೀ ಕೇಳ್ಲಿಲ್ಲ, ನಾ ಹೇಳ್ಲಿಲ್ಲ."

ಶಿವಶರಣ ಕಾಕಾ ಕಟ್ಟೆಯ ಮೇಲೆ ಕೂತುಬಿಟ್ಟ. ಅವ್ವ ಕೊಟ್ಟ ಚಹಾ ಆರಿ ಹೋಯಿತು. ಕೊನೆಗೆ ಎದ್ದು ಹೋಗುವಾಗ, "ಹಂಗಾದ್ರ ಯುರಿಯಾ ತರೂದ ಬಂತು" ಅಂದ, ಯಾರಿಗೂ ಅಲ್ಲ, ಗಾಳಿಗೆ. ಯುರಿಯಾ ಎಲ್ಲಿಂದ ಬರುತ್ತದೆ, ಅದನ್ನು ತಯಾರಿಸಲು ಏನು ಉರಿಯುತ್ತದೆ ಎಂಬುದು ತಮ್ಮ ಚಿತ್ರಗಳಲ್ಲಿ ಇರಲಿಲ್ಲ. ಮುಂದಿನ ಸಭೆಗೆ ಸೇರಿಸಿಕೊಳ್ಳಬಹುದು.

ಬಿಡಿಸಿಕೊಳ್ಳಲು ನಾವು ಮಾಡದ ಪ್ರಯತ್ನವಿಲ್ಲ. ಅಪ್ಪನನ್ನು ನಮ್ಮ ಕುರುಬರ ಕ್ಷೇತ್ರವಾದ ಹುಲಜಂತಿಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಹಿರಿಯ ಪೂಜಾರಿ ಎಲ್ಲವನ್ನೂ ಕೇಳಿಸಿಕೊಂಡು, ನಗು ತಡೆದುಕೊಂಡು, ಆಮೇಲೆ ಗಂಭೀರವಾಗಿ ಹೇಳಿದ: "ಇಟ್ಟ ಕೈಗೇ ತಿರುಗಿ ಹೋಗ್ಬೇಕಪಾ ಇದು. ಯಾರು ಇಟ್ರೋ ಅವ್ರು ಇಸ್ಕೊಂಡು 'ಬಿಟ್ಟೆ' ಅನ್ಬೇಕು. ಬ್ಯಾರೆ ಯಾರ್ ಅಂದ್ರೂ ನಡೆಯೂದಿಲ್ಲ. ನಾ ಅಂದ್ರೂ ನಡೆಯೂದಿಲ್ಲ." ಹಾಗಾಗಿ ಬೀರೋಬಾನ ಸಂಪ್ರದಾಯದಲ್ಲಿ ಸದ್ಯಕ್ಕೆ ತಮ್ಮ ಸ್ಥಾನ ಪೂಜಾರಿಗಿಂತ ದೊಡ್ಡದು. ಈ ನೇಮಕಾತಿಯ ಆದೇಶ ತಮಗೆ ತಲುಪಿರಲಿಕ್ಕಿಲ್ಲ ಎಂದು ಈ ಮೂಲಕ ತಿಳಿಸುತ್ತಿದ್ದೇನೆ.

ತಮ್ಮ ಕಚೇರಿಗೆ ಬಂದೆವು. ದಾರಿಯಲ್ಲೇ ಅಪ್ಪ ಅಪ್ಪನನ್ನು ಕಂಡ. ವಿಜಾಪುರ ರಸ್ತೆಯ ಚೌಕದಲ್ಲಿ, ಸಿಗ್ನಲ್ಲಿನ ಮೇಲೆ, ಒಂದು ಮನೆಯಷ್ಟು ಎತ್ತರದ ಫ್ಲೆಕ್ಸು. ಅದರಲ್ಲಿ ತಲೆಗೆ ಪಟಕಾ ಸುತ್ತಿದ ನಮ್ಮಪ್ಪ, ಹಳದಿ ಮುಷ್ಟಿ, ಮುಚ್ಚಿದ ಕಣ್ಣು, ಕೆಳಗೆ ಮರಾಠಿಯಲ್ಲಿ "ನಾನು ಬಿಟ್ಟೆ. ನೀವು?" ಎಂಬ ಅಕ್ಷರ. ಅಪ್ಪ ತಲೆಯೆತ್ತಿ ನೋಡುತ್ತ ನಿಂತ. ಹಿಂದಿನಿಂದ ರಿಕ್ಷಾದವನು ಹಾರ್ನು ಹೊಡೆದು, "ಓ ಮಾಮಾ, ಸೈಡ್ ಘ್ಯಾ!" ಎಂದು ಕೂಗಿದ. ಸರಿದು ನಿಂತ ಮೇಲೆ ಅಪ್ಪ ಕೇಳಿದ್ದು ಒಂದೇ: "ಕಣ್ಣ ಮುಚ್ಚೀನಿ. ನಿದ್ದಿ ಮಾಡಾಕತ್ತಾನ ಅಂತ ತಿಳ್ಕೊಳ್ಳೂದಿಲ್ಲಾ ಮಂದಿ?"

ಕಚೇರಿಯಲ್ಲಿ ತಾವು ಮೀಟಿಂಗಿನಲ್ಲಿದ್ದಿರಿ. ಪ್ರತಿಜ್ಞೆಯನ್ನು ಹಿಂದೆ ಪಡೆಯುವ ಸೌಲಭ್ಯ ಇಲ್ಲ, ಬೇಕಾದರೆ ಅಭಿಯಾನದ ಜಾಲತಾಣದಿಂದ "ಹವಾಮಾನ ಯೋಧ" ಪ್ರಮಾಣಪತ್ರ ಇಳಿಸಿಕೊಳ್ಳಿ ಎಂದು ಮೇಜಿನ ಮೇಡಂ ಹೇಳಿದರು. ಕಾಯುವ ಹೊತ್ತಿನಲ್ಲಿ ನಾನು ಅದನ್ನೂ ಪರೀಕ್ಷಿಸಿದೆ. ನಮ್ಮ ಹಿಂಡಿನ ಮುಂದಾಳು ಟಗರಿನ ಹೆಸರು ಭೀಮಶಾ. ಅದರ ಹೆಸರು ಹಾಕಿದೆ, ಅದರ ಫೋಟೋ ಹಾಕಿದೆ, ಕೋಡು ಸಮೇತ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪ್ರಮಾಣಪತ್ರ ಬಂತು: "ಶ್ರೀ ಭೀಮಶಾ ಅವರು ಇಂದಿನಿಂದ ಮಾಂಸಾಹಾರ ತ್ಯಜಿಸಿದ್ದಾರೆ." ತಮ್ಮ ಅಭಿಯಾನದ ದಾಖಲೆಯಲ್ಲಿ ಮಾತು ಪೂರ್ತಿ ಉಳಿಸಿಕೊಂಡವರು ಸದ್ಯಕ್ಕೆ ಇಬ್ಬರು, ನಮ್ಮಪ್ಪ ಮತ್ತು ಶ್ರೀ ಭೀಮಶಾ. ಇದನ್ನು ಓದಿ ತಾವು ಆ ಪ್ರಮಾಣಪತ್ರ ರದ್ದು ಮಾಡಿದರೆ ಒಂದು ಸಂತೋಷ: ಟಗರಿನ ಪ್ರತಿಜ್ಞೆಯನ್ನು ಹಿಂದೆ ಪಡೆಯುವ ಸೌಲಭ್ಯವಾದರೂ ಇದೆ ಎಂದಾಯಿತು.

ಕೊನೆಗೆ ತಾವು ಹೊರಬಂದಿರಿ, ಕೈಯಲ್ಲಿ ಮೊಬೈಲು, ಕಾರಿನ ಕಡೆಗೆ ಹೆಜ್ಜೆ. ಅಪ್ಪ ಧೋತರದ ಗಂಟು ಬಿಚ್ಚತೊಡಗಿದ. ತಾವು ಅವನ ಹೆಗಲ ಮೇಲೆ ಕೈ ಇಟ್ಟಿರಿ, ನಕ್ಕಿರಿ. ಕೆಟ್ಟ ನಗು ಅಲ್ಲ, ಒಳ್ಳೆಯ ಮನುಷ್ಯನ ನಗುವೇ. "ಬಾಬಾ, ತೆ ಫಕ್ತ ಪ್ರತೀಕಾತ್ಮಕ ಹೋತಂ," ಅಂದಿರಿ. ಅದು ಬರೀ ಸಾಂಕೇತಿಕ. "ಖಾ ನಾ. ಕೋಣ ಬಘತಂಯ?" ತಿನ್ನಿರಿ, ಯಾರು ನೋಡುತ್ತಿದ್ದಾರೆ?

ಅಪ್ಪ ಮರಾಠಿಯಲ್ಲೇ ಹೇಳಿದ, "ಸಾಹೇಬ, ತುಮ್ಹೀ ಬಘತ ಹೋತಾ ನಾ?" ತಾವೇ ನೋಡುತ್ತಿದ್ದಿರಲ್ಲ ಸಾಹೇಬರೇ?

ಅಷ್ಟರಲ್ಲಿ ಕಾರಿನ ಬಾಗಿಲು ಮುಚ್ಚಿತ್ತು. ಬಿಚ್ಚಿದ ಗಂಟನ್ನು ಅಪ್ಪ ಮತ್ತೆ ಕಟ್ಟಿದ. ಊರಿನ ಬಸ್ಸು ಹತ್ತಿದೆವು. ಇಳಿಯುವಾಗ ಅಂದ: "ಅವ್ರು ಖರೇ ಅಂತ ಹೇಳಾಕತ್ತಾರ ಅಂತ ತಿಳ್ಕೊಂಡಿದ್ದೆ ತಮ್ಮಾ. ಭೂಮಿಗೆ ಅಷ್ಟ ತ್ರಾಸ ಆಗೈತಿ, ಸಾಹೇಬ್ರು ಬಿಸಲಾಗ ಇಲ್ಲೀತನಾ ಬಂದಾರ, ನಾವೂ ಒಂದಿಷ್ಟ ಬಿಡೂಣು ಅಂದೆ."

ನನಗೆ ಎಲ್ಲದರಲ್ಲೂ ತಮಾಷೆ ಹುಡುಕುವ ಚಟವಿದೆ. ಆ ಮಾತಿನಲ್ಲಿ ಹುಡುಕಿದೆ, ಸಿಗಲಿಲ್ಲ. ಮಾಂಸದ ಬಗ್ಗೆ ತಾವು ಹೇಳಿದ್ದು ತಪ್ಪಿರಬಹುದು, ಸರಿಯಿರಬಹುದು, ಅದನ್ನು ವಾದಿಸಬಹುದು. ಆದರೆ ತಾವು ನಂಬದ ಮಾತನ್ನು ಅವನ ಬಾಯಿಂದ ಹೇಳಿಸಿದಿರಿ, ಅವನು ನಂಬುವ ವಸ್ತುವನ್ನು ಅವನ ಕೈಯಲ್ಲಿಟ್ಟು ಹೇಳಿಸಿದಿರಿ. ಭೂಮಿ ಕಾಯುತ್ತಿರುವುದೂ ಸಾಂಕೇತಿಕವೇ? ಅಲ್ಲವಾದರೆ, ಅದಕ್ಕಾಗಿ ತನ್ನ ಹಿಂಡನ್ನೇ ಪಣಕ್ಕಿಟ್ಟ ಮನುಷ್ಯನಿಗೆ ಯಾರೂ ನೋಡುತ್ತಿಲ್ಲ ತಿನ್ನಿ ಎಂದು ಹೇಳಲು ತಮ್ಮ ನಾಲಿಗೆ ಹೇಗೆ ಹೊರಳಿತು?

ಈಗಿನ ಸ್ಥಿತಿ ಹೀಗಿದೆ. ಅಕ್ಕಲಕೋಟ ರಸ್ತೆಯ ಒಂದು ಪೆಟ್ರೋಲ್ ಪಂಪಿನಲ್ಲಿ ಅಪ್ಪನಿಗೆ ವಾಚ್‌ಮನ್ ಕೆಲಸ ನಿಗದಿಯಾಗಿದೆ. ಹೌದು ಮಾನ್ಯರೇ, ಪೆಟ್ರೋಲ್ ಪಂಪು. ತಮ್ಮ ಅಭಿಯಾನದ ಕಾರಣ ಒಬ್ಬ ಮನುಷ್ಯ ಕಾಲ್ನಡಿಗೆಯ ಕಸುಬು ಬಿಟ್ಟು ಪೆಟ್ರೋಲ್ ಕಾಯಲು ಹೊರಟಿದ್ದಾನೆ. ತಮ್ಮ ವಾರ್ಷಿಕ ವರದಿಯಲ್ಲಿ ಇದನ್ನು ಯಾವ ತಲೆಬರಹದ ಕೆಳಗೆ ಹಾಕುತ್ತೀರೋ ನೋಡುವ ಕುತೂಹಲವಿದೆ. ಅವ್ವನ ತಮ್ಮ ಪೀರಪ್ಪ ಮಾಮಾ ಬರುವ ಅಮಾಸಿಗೆ ಬಂದು ಕುರಿಗಳನ್ನು ಹೊಡೆದುಕೊಂಡು ಹೋಗುತ್ತಾನೆ. ಹೆಣ್ಣು ಕುರಿಗಳನ್ನು ಮಾತ್ರ. ಟಗರುಗಳನ್ನು ಅವನ ಕೈಗೆ ಕೊಟ್ಟರೆ ಅವನು ಮಾರುತ್ತಾನೆ, ಅದು ತಿನ್ನಲು ಕೊಟ್ಟಂತೆಯೇ ಎಂಬುದು ಅಪ್ಪನ ವ್ಯಾಖ್ಯಾನ. ಟಗರು ಮನೆಯಲ್ಲೇ ಉಳಿಯುತ್ತವೆ.

"ಕೇಳ ನಿಮ್ಮಪ್ಪನ್ನ," ಅಂದಳು ಅವ್ವ. "ಹಿಂಡು ಇಲ್ದ, ಮೇಸವ್ರು ಇಲ್ದ, ಆ ಟಗರಿಗೆ ಪಂಪಿನಿಂದ ಪೆಟ್ರೋಲ್ ತಂದು ಕುಡಸ್ತಾರೇನು?"

ಅಪ್ಪ ನಕ್ಕ. ಒಂದು ತಿಂಗಳಿನಲ್ಲಿ ನಕ್ಕದ್ದು ಅದೊಂದೇ ಸಲ.

ಇನ್ನೊಂದು ಸಂಗತಿ ಇದೆ. ಅದನ್ನು ಬರೆಯಬಾರದೆಂದಿದ್ದೆ, ಯಾಕೆಂದರೆ ಅದು ತಮ್ಮ ಪಕ್ಷಕ್ಕೆ ಹೋಗುತ್ತದೆ. ಮೊನ್ನೆ ಸಂಜೆ ಹಟ್ಟಿಯಲ್ಲಿ ಅಪ್ಪ ಒಂದು ಟಗರಿನ ಕುತ್ತಿಗೆ ಕೆರೆಯುತ್ತ ಕೂತಿದ್ದ. ಕಳೆದ ಸಲವೇ ಟೆಂಪೋ ಹತ್ತಬೇಕಾಗಿದ್ದದ್ದು ಅದು. ನನ್ನನ್ನು ನೋಡಿ, "ಇದರ ಕೋಡ ಹೆಂಗ ಸುತ್ತ ಹಾಕ್ಯಾವ ನೋಡೋ," ಅಂದ. "ನಾ ಸಣ್ಣಾಂವ ಇದ್ದಾಗಿಂದ ಕುರಿ ಕಾಯಾಕತ್ತೀನಿ. ಭೀಮಶಾನ ಒಬ್ಬನ ಬಿಟ್ಟು, ಒಂದ ಟಗರು ಇಷ್ಟ ದೊಡ್ಡದಾಗಿದ್ದ ನಾ ನೋಡೇ ಇಲ್ಲ." ಆ ದನಿಯಲ್ಲಿ ದೂರಿರಲಿಲ್ಲ. ಅವನಿಗೆ ಈ ವ್ರತ ಹಿಡಿಸತೊಡಗಿದೆಯೋ ಎಂಬ ಹೆದರಿಕೆ ನನಗೆ. ಅವನು ತಾನಾಗಿಯೇ ವಿಚಾರ ಮಾ‌ಡಿ ಮಾಂಸ ಬಿಟ್ಟಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅವನ ಪಕ್ಕ ಕೂತು ಚಟ್ನಿ ಭಾಕರಿ ತಿನ್ನುತ್ತಿದ್ದೆ, ಗೊಣಗುತ್ತಲಾದರೂ. ಆದರೆ ಈಗ ಅವನು ವಿಚಾರ ಮಾಡುವ ಹಾಗಿಲ್ಲ. ಗಂಟು ಬಿಗಿದಿದೆ. ಬೇಕು ಅನ್ನುವ ಹಕ್ಕು, ಬೇಡ ಅನ್ನುವ ಹಕ್ಕು, ಎರಡೂ ತಮ್ಮ ಒಂದು ಚಿಟಿಕೆಯ ಕೆಳಗೆ ಹೂತಿವೆ.

ಆದ್ದರಿಂದ ತಾವು ಬರಬೇಕು. ಅಮಾಸಿಯ ಮೊದಲು, ಪೀರಪ್ಪ ಮಾಮಾ ಬರುವ ಮೊದಲು. ಫೋಟೋದವರು ಬೇಡ, ಮೈಕು ಬೇಡ. ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ ಹೊಲದೊಳಗೆ ನಡೆದುಕೊಂಡು ಬನ್ನಿ, ಹಾರ್ನಿಗೆ ಬಸಿರಿ ಕುರಿಗಳು ಬೆದರುತ್ತವೆ. ಬಲಗೈ ಚಾಚಿ ಭಂಡಾರ ಇಸಿದುಕೊಳ್ಳಿ, "ಬಿಟ್ಟೆ" ಎಂಬ ಎರಡಕ್ಷರ ಕನ್ನಡದಲ್ಲಿ ಹೇಳಿ. "ಊಟ ಆಯ್ತಾ" ಬಂದವರಿಗೆ ಇದು ಕಷ್ಟವಲ್ಲ. ಅದಾದ ಮೇಲೆ ಹಟ್ಟಿಯ ಕಂಬಳಿಯ ಮೇಲೆ ಅವನ ಎದುರು ಕೂತು, ಭೂಮಿಯ ವಿಷಯವನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿ. ಈ ಸಲ ತಮಗೆ ಗೊತ್ತಿರುವಷ್ಟನ್ನು ಗೊತ್ತಿದೆ ಎನ್ನಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಅವನು ಪ್ರಶ್ನೆ ಕೇಳುತ್ತಾನೆ, ಉತ್ತರ ಕೊಡಿ. ಒಪ್ಪಿದರೆ ಒಪ್ಪುತ್ತಾನೆ, ಇಲ್ಲದಿದ್ದರೆ ಇಲ್ಲ. ನಾನು ಅಲ್ಲೇ ಇರುತ್ತೇನೆ, ಹಲ್ಲು ಕಿಸಿಯುವುದಿಲ್ಲ ಎಂದು ಮಾತು ಕೊಡುತ್ತೇನೆ. ಮಾತು ಮಾತ್ರ, ಭಂಡಾರ ಎತ್ತಿ ಅಲ್ಲ; ಅಷ್ಟು ಧೈರ್ಯ ನಮ್ಮ ಮನೆಯಲ್ಲಿ ಇರುವುದು ಒಬ್ಬನಿಗೇ.

ಇಂತಿ,
ಅಮಾಸಿಯ ನಂತರ ತಾನು ಕುರಿಗಾರನ ಮಗನೋ ಪೆಟ್ರೋಲ್ ಪಂಪಿನ ವಾಚ್‌ಮನ್‌ನ ಮಗನೋ ಎಂಬುದನ್ನು ತಮ್ಮಿಂದಲೇ ತಿಳಿಯಬೇಕಾಗಿರುವ,
ಸೋಮೇಶ ಧರೆಪ್ಪ,
ನಾಗಣಸೂರ, ತಾಲೂಕು ಅಕ್ಕಲಕೋಟ.